ಲಾಂಚಕ್ಕ ಮತ್ತವಳ ಕಿಶೋರರು

ಮೊದಲೇ ಹೇಳಿಬಿಡುತ್ತೇನೆ, ನನಗೆ ಮಕ್ಕಳೆಂದರೆ ಅಷ್ಟಕ್ಕಷ್ಟೆ. ಒಂದೋ ಎರಡೋ ಆದರೆ ಹೇಗೋ ಸಹಿಸಿಕೊಳ್ಳಬಹುದು. ಬೆಳಗಿನ ಮೊದಲ ಟ್ರಿಪ್ಪಿಗೆ ನಮ್ಮ ಲಾಂಚು ಹತ್ತುವುದು ಒಂದು ದೊಡ್ಡ ಹಿಂಡು. ಈ ದಡದಲ್ಲಿ ಕಾರ್ಖಾನೆ, ಗೋದಾಮು, ಕೆಲಸಗಾರರ ಸಾಲುಮನೆಗಳು. ಆ ದಡದಲ್ಲಿ ಶಾಲೆ, ಆಸ್ಪತ್ರೆ, ಕಚೇರಿ. ನಡುವೆ ನದಿ. ಸೇತುವೆ ಬರುತ್ತದೆ, ಇಗೋ ಬಂತು ಎಂದು ಕೇಳಿ ಕೇಳಿಯೇ ನನ್ನ ತಲೆ ನೆರೆತುಹೋಯಿತು. ಅಲ್ಲಿಯವರೆಗೆ ನಮ್ಮ ಲಾಂಚೇ ಗತಿ.

ಲಾಂಚಿನಲ್ಲಿ ನಾವು ಮೂವರು ಕೆಲಸಗಾರರು. ಮೇಲೆ ಗಾಜಿನ ಗೂಡಿನಲ್ಲಿ ಚುಕ್ಕಾಣಿ ಹಿಡಿಯುವ ಚಾಲಕ. ಕೆಳಗೆ ಎಂಜಿನ್ ಗುಂಡಿಯಲ್ಲಿ ಎಣ್ಣೆ, ಮಸಿ ಮೆತ್ತಿಕೊಂಡು ಕೂರುವ ನಾನು. ಮಕ್ಕಳ ಬಾಯಲ್ಲಿ ಎಂಜಿನ್ ಮಾಮ. ಇನ್ನು ಟಿಕೆಟ್ ಹರಿಯುವುದು, ಜಾಕೆಟ್ ತೊಡಿಸುವುದು, ಇಳಿಯಲು ದಡಕ್ಕೆ ಹಲಗೆ ಹಾಕುವುದು, ಜನರನ್ನು ಹತ್ತಿಸಿ ಇಳಿಸುವುದು, ಕುಡಿದು ಬಂದವನನ್ನು ಉಗಿದು ವಾಪಸು ಕಳಿಸುವುದು, ಇಷ್ಟನ್ನೂ ಒಬ್ಬಳೇ ಮಾಡುವವಳು ಲಾಂಚಕ್ಕ. ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರು ಒಂದಿರಬೇಕು. ಅವಳ ಗಂಡನೇ ಅವಳನ್ನು ಲಾಂಚಕ್ಕ ಎಂದು ಕರೆಯುವುದನ್ನು ನಾನು ಕಿವಿಯಾರೆ ಕೇಳಿದ್ದೇನೆ, ಇನ್ನು ನಮ್ಮ ಮಾತೇನು!

ಗುಂಡಗಿನ ಆಳು. ದನಿ ಮಾತ್ರ ನನ್ನ ಎಂಜಿನ್ನಿಗಿಂತ ಜೋರು. ಮೊದಲು ಅವಳು ದಡದ ಮೇಲಿನ ಟಾರ್ಪಾಲು ಹೊಲಿಯುವ ಶೆಡ್ಡಿನಲ್ಲಿದ್ದಳು. ಕಚೇರಿಯವರು ಲಾಂಚಿಗೆಂದು ಕಿತ್ತಳೆ ಬಣ್ಣದ ಹೊಸ ಜೀವರಕ್ಷಕ ಜಾಕೆಟ್ಟುಗಳನ್ನು ಕಳಿಸಿದರು ನೋಡಿ, ಬಂದ ವಾರದಲ್ಲೇ ಅರ್ಧಕ್ಕರ್ಧ ಜಾಕೆಟ್ಟುಗಳ ಪಟ್ಟಿಗಳು ಕಿತ್ತುಬಂದವು. ಅದನ್ನು ಹೊಲಿಯಲು ಅವಳನ್ನು ಕರೆಸಿದರು. ಹೊಲಿಯಲು ಬಂದವಳು ಹೊಲಿದು ಮುಗಿಸಿ, ಸುತ್ತ ಒಂದು ಸಲ ಕಣ್ಣಾಡಿಸಿ, “ಇದೇನ್ರೋ ಇದು, ಲಾಂಚೋ ಕೋಳಿಗೂಡೋ? ಆ ಮಗುವಿನ ಜಾಕೆಟ್ ಉಲ್ಟಾ ಹಾಕಿದೀರಲ್ಲ, ಕಣ್ಣು ಕಾಣಲ್ವಾ?” ಎಂದು ನಮ್ಮನ್ನು ತರಾಟೆಗೆ ತೆಗೆದುಕೊಂಡಳು. ಅವತ್ತಿನಿಂದ ಅವಳು ಇಲ್ಲಿಯವಳೇ. ಸೂಜಿದಾರ ಈಗಲೂ ಅವಳ ಕಾಲರಿನಲ್ಲಿ ಸಿಕ್ಕಿಕೊಂಡಿರುತ್ತದೆ.

ಆ ಜಾಕೆಟ್ಟುಗಳ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಮೂರು ಅಳತೆಯಲ್ಲಿ ಬಂದಿದ್ದವು. ಪುಟಾಣಿಗಳ ಜಾಕೆಟ್ಟಿನ ಬೆನ್ನಿಗೆ ‘ಶಿಶು’ ಎಂದು ಅಚ್ಚು ಹಾಕಿತ್ತು, ದೊಡ್ಡವರದಕ್ಕೆ ‘ವಯಸ್ಕ’ ಎಂದು. ನಡುವಿನ ಅಳತೆಯದು, ಒಂಬತ್ತರಿಂದ ಹನ್ನೆರಡರವರೆಗಿನ ಮಕ್ಕಳದು, ಅದರ ಬೆನ್ನಿಗೆ ‘ಕಿಶೋರ’. ಅದೇ ಪೆಟ್ಟಿಗೆಯಲ್ಲಿ ಲಾಂಚಿನ ಮೂರು ಕೆಲಸಗಳಿಗೂ ಬೇರೆ ಬಣ್ಣದ ಅಂಗಿಗಳು ಬಂದಿದ್ದವು. ಒಂದರ ಬೆನ್ನಿಗೆ ‘ಚಾಲಕ’, ಒಂದಕ್ಕೆ ‘ಎಂಜಿನ್’, ಒಂದಕ್ಕೆ ‘ನಿರ್ವಾಹಕ’. ಅಂದರೆ ನಮ್ಮ ಲಾಂಚಿನಲ್ಲಿ ಬೆನ್ನ ಮೇಲೆ ಬರೆದಿದ್ದು ಏನೋ ಅದೇ ಅವರವರ ಕೆಲಸ. ಮಕ್ಕಳಿಗೆ ಹಾಗೆ ಅನ್ನಿಸಿದ್ದರಲ್ಲಿ ಏನಾಶ್ಚರ್ಯ?

ಅಲ್ಲ, ನೀವೇ ಹೇಳಿ, ಯಾರ ಮನೆಯಲ್ಲಾದರೂ “ಕಿಶೋರಾ, ಊಟಕ್ಕೆ ಬಾ” ಎಂದು ಕರೆಯುತ್ತಾರಾ? “ಅಯ್ಯೋ, ನಮ್ಮ ಕಿಶೋರನಿಗೆ ಶೀತ ಆಗಿದೆ” ಎನ್ನುತ್ತಾರಾ? ಮಗು ಎನ್ನುತ್ತಾರೆ, ಹುಡುಗ ಎನ್ನುತ್ತಾರೆ, ಸಿಟ್ಟು ಬಂದರೆ ಕತ್ತೆ ಎನ್ನುತ್ತಾರೆ. ಕಿಶೋರ ಎಂಬ ಮಾತು ಬೋರ್ಡಿನಲ್ಲಿ, ಸರ್ಕಾರಿ ಕಾಗದದಲ್ಲಿ, ಬಹುಮಾನ ಕೊಡುವ ವೇದಿಕೆಯ ಮೇಲೆ ಮಾತ್ರ ಬದುಕಿರುವಂಥದ್ದು. ಇಸ್ತ್ರಿ ಹಾಕಿದ ಮಾತು. ನಮ್ಮ ಸಾಲುಮನೆಗಳ ಕಡೆಗೆ ಅದು ಆ ಜಾಕೆಟ್ಟಿನ ಬೆನ್ನು ಹತ್ತಿಯೇ ಬಂದಿದ್ದು.

ಲಾಂಚಕ್ಕ ಬಂದ ಮೊದಲ ದಿನಗಳಲ್ಲೇ ಆ ಜಾಕೆಟ್ ತೊಟ್ಟ ಒಬ್ಬ ಹುಡುಗ ಅವಳ ಬಳಿ ಬಂದು ನಿಂತ. ಕಿವಿ ದೊಡ್ಡದು, ಮೂಗು ಸುರಿಯುತ್ತಿತ್ತು.

“ಅಕ್ಕಾ, ಚಾಲಕ ಅಂದ್ರೆ ಲಾಂಚ್ ಓಡಿಸೋದು. ನಿರ್ವಾಹಕ ಅಂದ್ರೆ ನೀವು, ಟಿಕೆಟ್ ಕೊಡೋದು. ಕಿಶೋರ ಅಂದ್ರೆ ನಾನೇನ್ ಮಾಡ್ಬೇಕು?”

ಲಾಂಚಕ್ಕ ನಿಧಾನವಾಗಿ ಅಕ್ಷರ ಕೂಡಿಸಿ ಓದುವವಳು. ಆ ಮಾತಿನ ಅರ್ಥ ಅವಳಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನುವುದು ಅವಳ ಜಾಯಮಾನದಲ್ಲೇ ಇಲ್ಲ. ಅತ್ತ ನೋಡಿದಳು, ಇತ್ತ ನೋಡಿದಳು. ಅಷ್ಟರಲ್ಲಿ ಶಿಶು ಜಾಕೆಟ್ಟಿನ ಒಂದು ಪುಟ್ಟ ಹುಡುಗಿ ಕಂಬಿಯ ಕಡೆಗೆ ತಪ್ಪುಹೆಜ್ಜೆ ಇಡುತ್ತಾ ಹೊರಟಿತ್ತು.

“ನೋಡಪ್ಪಾ,” ಎಂದಳು ಲಾಂಚಕ್ಕ, “ಕಿಶೋರ ಅಂದ್ರೆ, ತನಗಿಂತ ಚಿಕ್ಕವರ ಕೈ ಹಿಡ್ಕೊಳ್ಳೋನು. ಹೋಗು, ಆ ಮಗೂನ ಹಿಡ್ಕೊ. ದಡ ಸೇರೋವರೆಗೂ ಬಿಡಬೇಡ.”

ಹುಡುಗ ಮೂಗು ಒರೆಸಿಕೊಂಡು ಹೋದ. ಹಿಡಿದ. ಬಿಡಲಿಲ್ಲ. ಇಷ್ಟೇ ಆಗಿದ್ದು.

ಮಾರನೆಯ ದಿನ ಕಿಶೋರ ಜಾಕೆಟ್ಟಿನವರೆಲ್ಲ ಒಂದೊಂದು ಶಿಶುವನ್ನು ಹುಡುಕಿಕೊಂಡು ಹೊರಟರು. ಶಿಶುಗಳು ಸಾಲದೆ ಜಗಳ ಬೇರೆ! “ಇವನು ನನ್ನೋನು”, “ಅಲ್ಲ, ನಾನು ಮೊದಲು ಹಿಡಿದಿದ್ದು”. ಲಾಂಚಕ್ಕ ಗದರಿಸಿ, ಸಮಾಧಾನ ಮಾಡಿ, ಕೊನೆಗೆ ಇದಕ್ಕೊಂದು ರೀತಿನೀತಿಯನ್ನೇ ಕಟ್ಟಿದಳು. ಬೆರಳು ಹಿಡಿಯಬಾರದು, ಬೆವರಿಗೆ ಜಾರುತ್ತದೆ, ಮಣಿಕಟ್ಟು ಹಿಡಿಯಬೇಕು. ಪುಟಾಣಿಯ ಜಾಕೆಟ್ಟಿನ ಕೊಕ್ಕೆಗಳನ್ನು ಕೆಳಗಿನಿಂದ ಮೇಲಕ್ಕೆ ಹಾಕಬೇಕು. ನಡುವಿನ ಬೆಂಚಿನಲ್ಲಿ ಕೂರಬೇಕು, ಪಾದ ನೆಲಕ್ಕೆ ಊರಿರಬೇಕು. ಲಾಂಚು ಧಕ್ಕೆಗೆ, ಅಂದರೆ ದಡದ ಇಳಿಯುವ ಕಟ್ಟೆಗೆ, ತಾಗಿ ಕುಲುಕಿದಾಗ ಎದ್ದು ನಿಲ್ಲಬಾರದು; ಹಲಗೆ ಬಿದ್ದ ಸದ್ದು ಕೇಳಿದ ಮೇಲೆಯೇ ಏಳಬೇಕು. ಶಿಶು ಅತ್ತರೆ ಬೈಯಬಾರದು.

ಅವಳು ಕಿಶೋರರನ್ನು ಮಾತಾಡಿಸುವ ರೀತಿಯೇ ಬೇರೆ. ನನ್ನನ್ನು “ಏ ಮಸಿಮೂತಿ” ಎಂದು ಕೂಗುವವಳು, ಅವರನ್ನು ಮಾತ್ರ “ಕಿಶೋರರೇ, ಜಾಕೆಟ್ ಆಯ್ತಾ? ಹೊರಡೋಣ್ವಾ?” ಎಂದು ಕೇಳುವಳು. ಅವರು “ಆಯ್ತು ಅಕ್ಕಾ” ಎಂದ ಮೇಲೆಯೇ ಚಾಲಕನಿಗೆ ಕೈ ಬೀಸುವಳು. ಒಬ್ಬ ಹುಡುಗಿ “ನಾನು ಹುಡುಗಿ ಅಲ್ವಾ, ನಂಗೂ ಕಿಶೋರ ಅಂತಲೇ ಬರೆದಿದಾರಲ್ಲ” ಎಂದಾಗ, “ನಿರ್ವಾಹಕ ಅಂತ ನನ್ನ ಬೆನ್ನಿಗೂ ಬರೆದಿದಾರಲ್ಲಮ್ಮಾ, ನಾನೇನು ಮೀಸೆ ಬಿಟ್ಟಿದೀನಾ?” ಎಂದಳು. ಹುಡುಗಿಗೆ ಒಪ್ಪಿಗೆಯಾಯಿತು. ಇನ್ನು ವಯಸ್ಕರ ಕೆಲಸ ಏನೆಂದು ಕೇಳಿದವರಿಗೆ ಅವಳ ಉತ್ತರ: “ಟಿಕೆಟ್ ತಗೊಂಡು ತೆಪ್ಪಗೆ ಕೂರೋದು. ಅದನ್ನೂ ನೆಟ್ಟಗೆ ಮಾಡಲ್ಲ.”

ನಮ್ಮ ಚಾಲಕ ಪೇಪರನ್ನು ಒಂದಕ್ಷರ ಬಿಡದೆ ಓದುವ ಆಸಾಮಿ. ಒಂದು ಮಧ್ಯಾಹ್ನ ಚಹಾ ಕುಡಿಯುವಾಗ ಅವನು ನಗುತ್ತಾ, “ಅಕ್ಕಾ, ಕಿಶೋರ ಅಂದ್ರೆ ಕೆಲಸ ಅಲ್ಲ ಮಾರಾಯ್ತಿ. ಮಗುವೂ ಅಲ್ಲದ, ಪ್ರಾಯಕ್ಕೂ ಬರದ ಮಕ್ಕಳಿಗೆ ಹಾಗಂತಾರೆ. ವಯಸ್ಸಿನ ಹೆಸರು ಅಷ್ಟೆ” ಎಂದುಬಿಟ್ಟ.

ಲಾಂಚಕ್ಕನ ಮುಖ ಸಣ್ಣಗಾಯಿತು. ಲೋಟ ಕೆಳಗಿಟ್ಟು, “ಅಷ್ಟೇನಾ?” ಎಂದಳು. ಆಮೇಲೆ, “ಮಕ್ಕಳಿಗೆ ಹೇಳ್ಬೇಡ್ರೋ. ಪಾಪ, ಎಷ್ಟು ಜಂಬದಿಂದ ಓಡಾಡ್ತಾವೆ” ಎಂದಳು. ನಾವು ಹೇಳಲಿಲ್ಲ. ಹೀಗೆ ವರ್ಷಗಳು ಉರುಳಿದವು. ಆ ದೊಡ್ಡ ಕಿವಿಯ ಹುಡುಗ ಈಗ ಆಚೆ ದಡದಲ್ಲಿ ಸೈಕಲ್ ಅಂಗಡಿ ಇಟ್ಟಿದ್ದಾನೆ. ಕಿಶೋರರು ಬೆಳೆದು ವಯಸ್ಕರಾದರು, ಶಿಶುಗಳು ಕಿಶೋರರಾದರು. ಹದಿಮೂರಕ್ಕೆ ಜಾಕೆಟ್ ಬದಲಾಗುವ ದಿನ ಕೆಲವರು ಕಣ್ಣಲ್ಲಿ ನೀರು ಹಾಕಿಕೊಳ್ಳುವುದನ್ನೂ ನೋಡಿದ್ದೇನೆ.

ಈಗಿನ ಕಿಶೋರರಲ್ಲಿ ಒಬ್ಬಳಿದ್ದಾಳೆ, ಹನ್ನೊಂದರವಳು. ನಾನು ಅವಳಿಗಿಟ್ಟ ಹೆಸರು ಪೊಲೀಸಮ್ಮ. ಒಂದು ದಿನ ಎಂಜಿನ್ ಗುಂಡಿಗೆ ಬಗ್ಗಿ ನೋಡಿ, “ಎಂಜಿನ್ ಮಾಮ, ನೀವ್ಯಾಕೆ ಜಾಕೆಟ್ ಹಾಕಿಲ್ಲ?” ಎಂದು ನನ್ನನ್ನೇ ದಬಾಯಿಸಿದವಳು! ಅವಳ ತಮ್ಮ ಐದು ವರ್ಷದ ಬಾಲಂಗೋಚಿ. ಅಕ್ಕ ಎಲ್ಲೋ ಅವನು ಅಲ್ಲಿ. ಅಪ್ಪ ಇಲ್ಲ. ತಾಯಿಗೆ ಈ ದಡದಲ್ಲೇ, ಆಸ್ಪತ್ರೆಯ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ ಕೆಲಸ, ಮಕ್ಕಳು ಏಳುವ ಮೊದಲೇ ಹೋಗಬೇಕು. ತಮ್ಮನನ್ನು ಎಬ್ಬಿಸಿ, ತಲೆ ಬಾಚಿ, ಬಾಗಿಲಿಗೆ ಬೀಗ ಹಾಕಿ, ಅವನನ್ನು ಕರೆದುಕೊಂಡು ಲಾಂಚಿಗೆ ಬರುವುದೆಲ್ಲ ಪೊಲೀಸಮ್ಮನ ಪಾಲಿಗೆ. ಇಂಥ ಮನೆಗಳು ನಮ್ಮ ದಡದಲ್ಲಿ ಬೇಕಾದಷ್ಟಿವೆ.

ಇನ್ನು ಆ ದಿನದ ಕಥೆ. ಮೇಲ್ಗಡೆ ಎಲ್ಲೋ ಮಳೆ ಹೊಡೆದು ನದಿ ಕೆಂಪಗೆ ಉಬ್ಬಿತ್ತು. ನಡುನೀರಿಗೆ ಬಂದಿದ್ದೆವು. ಎಲ್ಲಿಂದಲೋ ತೇಲಿಬಂದ ಮರದ ದಿಮ್ಮಿ ಲಾಂಚಿನ ಎಡಮಗ್ಗುಲಿಗೆ ಗುದ್ದಿದ ಹೊಡೆತಕ್ಕೆ ನಾನು ಗುಂಡಿಯಲ್ಲೇ ಮುಗ್ಗರಿಸಿ ಬಿದ್ದೆ. ದಿಮ್ಮಿಯ ಜೊತೆ ಬಂದ ಬಳ್ಳಿಗಿಳ್ಳಿ ಲಾಂಚಿನಡಿ ನೀರು ತಳ್ಳುವ ಫ್ಯಾನಿಗೆ ಸುತ್ತಿಕೊಂಡು ಎಂಜಿನ್ ಗಕ್ಕನೆ ನಿಂತಿತು. ಲಾಂಚು ಅಡ್ಡಕ್ಕೆ ತಿರುಗಿ ಹರಿವಿನ ಜೊತೆ ಹೊರಟಿತು. ಎಡಗಡೆಯಿಂದ ಒಂದು ಅಲೆ ನೀರು ಒಳಕ್ಕೆ ಹಾರಿತು ನೋಡಿ, ದೊಡ್ಡವರೆಲ್ಲ ಹೋ ಎಂದು ಬಲಗಡೆಗೆ ನುಗ್ಗಿದರು. ಲಾಂಚು ಅತ್ತಲೇ ವಾಲಿತು. ಅಲ್ಲಿ ನೀರು ಕಂಡು ಮತ್ತೆ ಎಡಗಡೆಗೆ. ಲಾಂಚು ಮುಳುಗುವುದು ರಂಧ್ರ ಬಿದ್ದು ಅಲ್ಲ ಸ್ವಾಮಿ, ಹೀಗೆ ಜನ ಅತ್ತಿತ್ತ ಓಡಿಯೇ. ಚಾಲಕ ಮೈಕಿನಲ್ಲಿ ಅರಚುತ್ತಿದ್ದ. ಲಾಂಚಕ್ಕ ಎರಡೂ ತೋಳು ಚಾಚಿ “ಕೂತ್ಕೊಳ್ರೋ! ಕೂತ್ಕೊಳ್ರೋ ಹಾಳಾದೋರೇ!” ಎಂದು ಗಂಟಲು ಹರಿದುಕೊಳ್ಳುತ್ತಿದ್ದಳು. ಯಾರ ಕಿವಿಗೂ ಬೀಳಲಿಲ್ಲ.

ನಾನು ಗುಂಡಿಯಿಂದ ತಲೆ ಹೊರಗೆ ಹಾಕಿದೆ. ನನ್ನ ಕಣ್ಣಿಗೆ ಮೊದಲು ಬಿದ್ದದ್ದು ನಡುವಿನ ಬೆಂಚುಗಳು. ಮಕ್ಕಳು ಕೂತಿದ್ದರು. ಒಬ್ಬರೆಂದರೆ ಒಬ್ಬರೂ ಎದ್ದಿರಲಿಲ್ಲ. ಕಿಶೋರರ ಪಾದಗಳು ನೆಲಕ್ಕೆ ಊರಿದ್ದವು, ಪ್ರತಿಯೊಬ್ಬರ ಕೈಯಲ್ಲೂ ಒಂದು ಪುಟ್ಟ ಮಣಿಕಟ್ಟು. ಮುಖಗಳು ಬಿಳಿಚಿಹೋಗಿದ್ದವು. ಒಬ್ಬ ಹುಡುಗನ ತುಟಿ ಅದುರುತ್ತಿತ್ತು. ಆದರೂ ಕೂತಿದ್ದರು. ಆಗ ಪೊಲೀಸಮ್ಮನ ದನಿ ಕೇಳಿತು. “ಎರಡೊಂದ್ಲೆ ಎರಡು!” ಎಂದಳು ಅವಳು. “ಎರಡೆರಡ್ಲೆ ನಾಕು!” ಪಕ್ಕದವನು ಸೇರಿದ, ಅವನ ಪಕ್ಕದವಳು ಸೇರಿದಳು. ಪುಟಾಣಿಗಳಿಗೆ ದೊಡ್ಡವರ ಬೊಬ್ಬೆ ಕೇಳಬಾರದೆಂದು ಮಗ್ಗಿ ಹೇಳುತ್ತಿದ್ದರು ಕಣ್ರೀ! ಎರಡರ ಮಗ್ಗಿ ಮುಗಿದು ಮೂರರದು ಶುರುವಾಯಿತು. ಶಿಶುಗಳಿಗೆ ಮೂರರ ಮಗ್ಗಿ ಎಲ್ಲಿ ಬರಬೇಕು, ಬಾಯಿಗೆ ಬಂದದ್ದನ್ನು ಕೂಗುತ್ತಿದ್ದವು.

  ಎಷ್ಟೋ ಪ್ರವಾಹ ಕಂಡಿದ್ದೇನೆ, ಗಟ್ಟಿಮುಟ್ಟಾದ ಗಂಡಸರು ಹೆದರಿ ಕಂಬಿ ತಬ್ಬಿಕೊಂಡು ಅತ್ತದ್ದನ್ನು ಕಂಡಿದ್ದೇನೆ. ಇಂಥದ್ದನ್ನು ಕಂಡಿರಲಿಲ್ಲ. ಓಡಾಡುತ್ತಿದ್ದ ದೊಡ್ಡವರಲ್ಲಿ ಒಬ್ಬಳು ಹೆಂಗಸು ಮಕ್ಕಳನ್ನು ನೋಡಿ ನಿಂತಳು, ನಾಚಿಕೊಂಡವಳ ಹಾಗೆ ಬೆಂಚಿನ ತುದಿಗೆ ಕೂತಳು. ಆಮೇಲೆ ಇನ್ನೊಬ್ಬ ಕೂತ. ನಾಕರ ಮಗ್ಗಿಯ ಹೊತ್ತಿಗೆ ಲಾಂಚು ನೆಟ್ಟಗೆ ನಿಂತಿತ್ತು. ನಾನು ಕೆಳಗಿಳಿದು, ಬಳ್ಳಿ ಕತ್ತರಿಸಿ, ಎಂಜಿನ್ನಿಗೆ ಜೀವ ಕೊಟ್ಟೆ. ಆಚೆ ದಡದಲ್ಲಿ ಹಲಗೆ ಬಿದ್ದ ಮೇಲೆಯೇ ಮಕ್ಕಳು ಎದ್ದದ್ದು.

ಇದಕ್ಕೆ ಹಾರ ತುರಾಯಿ ಸಿಕ್ಕಿತು ಅಂದುಕೊಂಡಿರಾ? ಸಿಕ್ಕಿದ್ದು ದೂರು. ಅವತ್ತು ಎಲ್ಲರಿಗಿಂತ ಜೋರಾಗಿ ಅರಚಿಕೊಂಡು ಓಡಾಡಿದ್ದ ಕೊಡೆ ಹಿಡಿದ ಒಬ್ಬ ದೊಡ್ಡ ಮನುಷ್ಯ ಕಚೇರಿಗೆ ಹೋಗಿ, ಲಾಂಚಿನಲ್ಲಿ ಚಿಕ್ಕ ಮಕ್ಕಳ ಕೈಯಲ್ಲಿ ದುಡಿಸಿಕೊಳ್ಳುತ್ತಾರೆ, ಮಕ್ಕಳ ಜೀವವನ್ನು ಮಕ್ಕಳ ಕೈಗೇ ಕೊಟ್ಟು ಕೂತಿದ್ದಾರೆ ಎಂದು ಹೇಳಿಬಂದ. ಒಂದು ವಾರದೊಳಗೆ ಕಚೇರಿಯಿಂದ ಒಬ್ಬರು ಮೇಡಂ ವಿಚಾರಣೆಗೆ ಬಂದರು.

ಆ ಮೇಡಂ ಕೆಟ್ಟವರೇನಲ್ಲ. ಕೆಟ್ಟವರಾಗಿದ್ದರೆ ಬೈದುಕೊಂಡು ಹಗುರಾಗಬಹುದಿತ್ತು. ಲಾಂಚಿನಲ್ಲಿ ಎರಡು ದಿನ ಓಡಾಡಿದರು, ಎಲ್ಲ ನೋಡಿದರು, ಆಮೇಲೆ ಟಿಕೆಟ್ ಗೂಡಿನ ಪಕ್ಕದ ಬೆಂಚಿನಲ್ಲಿ ಲಾಂಚಕ್ಕನನ್ನು ಕೂರಿಸಿಕೊಂಡು ಮಾತಾಡಿದರು. ಚಾಲಕನೂ ನಾನೂ ಪಕ್ಕದಲ್ಲೇ ನಿಂತಿದ್ದೆವು.

“ಅಕ್ಕಾ, ಮುಂದಿನ ತಿಂಗಳಿಂದ ಹನ್ನೆರಡು ವರ್ಷದವರೆಗಿನ ಪ್ರತಿ ಮಗುವಿನ ಜೊತೆ ಮನೆಯ ದೊಡ್ಡವರೊಬ್ಬರು ಬರಲೇಬೇಕು ಅಂತ ನಿಯಮ ಮಾಡೋಣ ಅಂತಿದೀವಿ.”

ಲಾಂಚಕ್ಕ ಹೌಹಾರಿದಳು. “ಎಲ್ಲಿಂದ ಬರ್ತಾರೆ ಮೇಡಂ? ಬೆಳಿಗ್ಗೆ ಆ ಹೊತ್ತಿಗೆ ಇವರ ಅಪ್ಪ ಅಮ್ಮ ಎಲ್ಲ ಪಾಳಿಯಲ್ಲಿರ್ತಾರೆ. ಹಂಗೇನಾದ್ರೂ ಮಾಡಿದ್ರೆ ಅರ್ಧ ಮಕ್ಕಳು ಶಾಲೆ ಬಿಡ್ತಾವೆ.”

“ಗೊತ್ತು. ಆದ್ರೆ ನೀವು ಈ ಮಕ್ಕಳಿಗೆ ಏನು ಹೇಳಿದೀರಿ? ಕಿಶೋರ ಅನ್ನೋದು ಒಂದು ಕೆಲಸ, ಕೈ ಬಿಡಬಾರದು ಅಂತ ಅಲ್ವಾ? ಅದು ಸುಳ್ಳಲ್ವಾ? ನಾಳೆ ಆ ದಿಮ್ಮಿ ಇನ್ನೂ ಜೋರಾಗಿ ಹೊಡೆದು ಮಕ್ಕಳು ನೀರಿಗೆ ಬಿದ್ರು ಅಂತಿಟ್ಕೊಳ್ಳಿ. ಆ ಹುಡುಗಿ, ನನ್ನ ಕೆಲಸ ಇದು, ಬಿಡಬಾರದು ಅಂತ ಮಣಿಕಟ್ಟು ಹಿಡ್ಕೊಂಡೇ ಮುಳುಗಿದ್ರೆ? ಅದು ನಿಮ್ಮ ಮಾತು ನಂಬಿ ಆಗಿದ್ದಾಗುತ್ತೆ.”

ಲಾಂಚಕ್ಕ ಕಾಲರಿನ ಸೂಜಿಯನ್ನು ಕಿತ್ತು ಮತ್ತೆ ಅಲ್ಲೇ ಸಿಕ್ಕಿಸಿಕೊಂಡಳು. 

ಮೇಡಂ ಅವಳ ಕೈ ಮುಟ್ಟಿ ಹೇಳಿದರು: “ಒಂದು ಮಾಡಿ. ಮಕ್ಕಳಿಗೆ ನಿಜ ಹೇಳಿಬಿಡಿ. ಇದು ಕೆಲಸ ಅಲ್ಲ, ಕೈ ಹಿಡೀಲೇಬೇಕು ಅಂತೇನಿಲ್ಲ ಅಂತ ನೀವೇ ಹೇಳಿ. ಸೋಮವಾರ ನಾನು ಬರ್ತೀನಿ, ನನ್ನ ಎದುರಿಗೆ ಹೇಳಿ. ಅಷ್ಟಾದ ಮೇಲೂ ಮಕ್ಕಳು ಹೀಗೇ ಇದ್ರೆ ನಿಯಮದ ಮಾತು ನಾನೇ ಬಿಟ್ಟುಬಿಡ್ತೀನಿ. ಚೆಲ್ಲಾಪಿಲ್ಲಿ ಆದ್ರೆ, ಕ್ಷಮಿಸಿ, ನನಗೆ ಬೇರೆ ದಾರಿ ಇಲ್ಲ.”

ಸುದ್ದಿ ಸಾಲುಮನೆಗಳಿಗೆ ಕಾಳ್ಗಿಚ್ಚಿನಂತೆ ಹಬ್ಬಿತು. ಸಂಜೆ ಪೊಲೀಸಮ್ಮನ ತಾಯಿ ಓಡುತ್ತಾ ಬಂದಳು. ಲಾಂಡ್ರಿಯ ಬಿಸಿನೀರಿಗೆ ಅವಳ ಕೈಗಳು ಸುಕ್ಕುಗಟ್ಟಿದ್ದವು.

“ಲಾಂಚಕ್ಕಾ, ನಾನು ಮಕ್ಕಳ ಜೊತೆ ಬಂದ್ರೆ ಕೆಲಸ ಹೋಗುತ್ತೆ. ಬರದಿದ್ರೆ ಚಿಕ್ಕೋನನ್ನ ನೋಡ್ಕೊಳ್ಳೋಕೆ ದೊಡ್ಡೋಳು ಮನೇಲಿ ಕೂರಬೇಕು. ಓದೋದು ಅಂದ್ರೆ ಜೀವ ಅದಕ್ಕೆ. ಏನಾದ್ರೂ ಮಾಡಿ ಅಕ್ಕಾ.”

“ನಾನೇನಮ್ಮಾ ಮಾಡ್ಲಿ?” ಎಂದಳು ಲಾಂಚಕ್ಕ. “ನಿಜ ಹೇಳು ಅಂತಾರೆ. ಹೇಳ್ತೀನಿ. ಆಮೇಲೆ ಮಕ್ಕಳು ಉಂಟು, ದೇವರುಂಟು.”

ತಾಯಿ ಹೋದ ಮೇಲೆ ನಾನು ಸುಮ್ಮನಿರಲಾರದೆ ಒಂದು ಉಪಾಯ ಹೇಳಿದೆ. “ಅಕ್ಕಾ, ಮಕ್ಕಳಿಗೆ ಮೊದಲೇ ಹೇಳಿಕೊಟ್ಟುಬಿಡೋಣ. ಸೋಮವಾರ ಮೇಡಂ ಎದುರಿಗೆ ಹಿಂಗಿಂಗೆ ಮಾಡಿ ಅಂತ. ಆ ಪೊಲೀಸಮ್ಮನ ಕಿವಿಗೆ ಹಾಕಿದ್ರೆ ಸಾಕು, ಎಲ್ಲರನ್ನೂ ಸಾಲಾಗಿ ನಿಲ್ಲಿಸ್ತಾಳೆ.”

“ಥೂ!” ಎಂದಳು. “ಇಷ್ಟು ವರ್ಷ ಒಂದು ಸುಳ್ಳು ಹೇಳಿದ್ದು ಸಾಲದು ಅಂತ ಇನ್ನೊಂದಾ? ಆ ಮೇಡಂ ಹೇಳಿದ್ದು ಸರಿ ಕಣೋ. ಆ ಹುಡುಗಿ ಮುಳುಗೋದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಬಿಡಬಾರದು ಅಂತ ನಾನೇ ಹೇಳಿದ್ದು ಅಲ್ವಾ?”

ನಾನು ಮಸಿಬಟ್ಟೆ ಎತ್ತಿಕೊಂಡು ಗುಂಡಿಗೆ ಇಳಿದೆ.

ಸೋಮವಾರ ಬಂತು. ನದಿ ಶಾಂತವಾಗಿತ್ತು. ಮೇಡಂ ಎಲ್ಲರಿಗಿಂತ ಮೊದಲೇ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಮಕ್ಕಳು ಎಂದಿನ ಹಾಗೆ ಗಲಾಟೆ ಮಾಡುತ್ತಾ ಹತ್ತಿದರು, ಜಾಕೆಟ್ ತೊಟ್ಟರು. ಬಾಲಂಗೋಚಿಯ ಕೊಕ್ಕೆಗಳನ್ನು ಅವನಕ್ಕ ಕೆಳಗಿನಿಂದ ಮೇಲಕ್ಕೆ ಹಾಕಿದಳು. ಲಾಂಚಕ್ಕ ಅವತ್ತು “ಕಿಶೋರರೇ, ಹೊರಡೋಣ್ವಾ” ಎಂದು ಕೇಳಲಿಲ್ಲ. ಸುಮ್ಮನೆ ಕೈ ಬೀಸಿದಳು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆಚೆ ಧಕ್ಕೆಗೆ ಲಾಂಚು ತಾಗಿತು. ನಾನು ಎಂಜಿನ್ ನಿಲ್ಲಿಸಿ ಮೇಲೆ ಬಂದೆ. ಲಾಂಚಕ್ಕ ಹಲಗೆ ಹಾಕದೆ ಮಕ್ಕಳ ಎದುರಿಗೆ ಬಂದು ನಿಂತಳು. 

“ಮಕ್ಕಳಾ, ನಾನೊಂದು ಮಾತು ಹೇಳ್ಬೇಕು,” ಎಂದಳು. ದನಿ ಅವಳದೇ ಅಲ್ಲ ಎನ್ನುವಷ್ಟು ಸಣ್ಣಗಿತ್ತು. “ನಿಮ್ಮ ಬೆನ್ನ ಮೇಲೆ ಬರೆದಿರೋದು ಕೆಲಸದ ಹೆಸರಲ್ಲ. ಕಿಶೋರ ಅಂದ್ರೆ ನಿಮ್ಮ ವಯಸ್ಸಿನ ಮಕ್ಕಳು, ಅಷ್ಟೆ. ಮಗೂನೂ ಅಲ್ಲ, ದೊಡ್ಡೋರೂ ಅಲ್ಲ, ಅದಕ್ಕೆ ಮರ್ಯಾದೆಯಿಂದ ಹಂಗಂತಾರೆ. ಕೈ ಹಿಡ್ಕೊಳ್ಳೋದು, ಬಿಡದೇ ಇರೋದು, ಅದೆಲ್ಲ ನಾನು ಕಟ್ಟಿ ಹೇಳಿದ್ದು. ನನಗೆ ಅರ್ಥ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಹೇಳ್ಲಿಲ್ಲ. ತಪ್ಪಾಯ್ತು. ಇನ್ಮೇಲೆ ನೀವು ಯಾರ ಕೈಯನ್ನೂ ಹಿಡೀಬೇಕು ಅಂತಿಲ್ಲ. ಏನಾದ್ರೂ ಆದ್ರೆ ಮೊದಲು ನಿಮ್ಮ ಜೀವ ನೋಡ್ಕೊಳ್ಳಿ. ಗೊತ್ತಾಯ್ತಾ?”

 ಕಿಶೋರರಲ್ಲಿ ಎಲ್ಲರಿಗಿಂತ ಎತ್ತರದ ಹುಡುಗನೊಬ್ಬ ತಲೆ ಕೆಳಗೆ ಹಾಕಿದ. ಇನ್ನೊಬ್ಬಳು ತುಟಿ ಕಚ್ಚಿಕೊಂಡಳು.  ಮುಗಿಯಿತು, ಮಕ್ಕಳ ಮನಸ್ಸು ಮುರಿಯಿತು ಅಂದುಕೊಂಡೆ. ಹಿಂದಿನ ಬೆಂಚಿನಲ್ಲಿ ಮೇಡಂ ಮುಂದಕ್ಕೆ ಬಾಗಿ ನೋಡುತ್ತಿದ್ದರು.

ಎತ್ತರದ ಹುಡುಗ ಪೊಲೀಸಮ್ಮನ ಕಡೆ ತಿರುಗಿ ಪಿಸುಗುಟ್ಟಿದ. ಮಾತು ಎಲ್ಲರಿಗೂ ಕೇಳಿತು. “ಏ, ಅಕ್ಕನಿಗೆ ಯಾರೇ ಹೇಳಿದ್ದು?”

“ನಾನಲ್ಲಪ್ಪ!” ಎಂದಳು ಪೊಲೀಸಮ್ಮ. “ನನ್ನಾಣೆ, ನಾನು ಬಾಯೇ ಬಿಟ್ಟಿಲ್ಲ.”

ಲಾಂಚಕ್ಕ ಕಣ್ಣು ಕಣ್ಣು ಬಿಟ್ಟಳು. “ಏನು? ಏನ್ರೇ ಹೇಳ್ತಿದೀರಿ?”

ಪೊಲೀಸಮ್ಮ ಎದ್ದು ನಿಲ್ಲಲಿಲ್ಲ, ಹಲಗೆ ಬಿದ್ದಿರಲಿಲ್ಲವಲ್ಲ. ಕೂತಲ್ಲಿಂದಲೇ, ತಪ್ಪು ಮಾಡಿ ಸಿಕ್ಕಿಬಿದ್ದವಳ ಮುಖ ಮಾಡಿಕೊಂಡು ಹೇಳಿದಳು: “ಅಕ್ಕಾ, ಬೇಜಾರ್ ಮಾಡ್ಕೋಬೇಡಿ. ನಮಗೆ ಮೊದಲಿಂದ ಗೊತ್ತು. ಜಾಕೆಟ್ ಸಿಕ್ಕಿದ ದಿನಾನೇ ದೊಡ್ಡ ಕಿಶೋರರು ಹೇಳಿಬಿಡ್ತಾರೆ. ಇದು ಕೆಲಸ ಅಲ್ಲ, ನಮ್ಮ ವಯಸ್ಸಿನ ಹೆಸರು ಅಂತ. ಅಕ್ಕನಿಗೆ ಮಾತ್ರ ಹೇಳ್ಬಾರದು, ಪಾಪ, ಅವರು ನಿಜ ಅಂತ ನಂಬಿದಾರೆ, ಗೊತ್ತಾದ್ರೆ ನೊಂದ್ಕೋತಾರೆ ಅಂತ.”

“ನಮಗೂ ಹಂಗೇ ಹೇಳಿದ್ದು,” ಎಂದ ಎತ್ತರದ ಹುಡುಗ. “ಅವರಿಗೆ ಅವರ ಮುಂಚಿನೋರು ಹೇಳಿದ್ರಂತೆ.”

ನಾನು ಬಾಯಿ ಮೇಲೆ ಕೈ ಇಟ್ಟುಕೊಂಡೆ. ಇಷ್ಟು ವರ್ಷ! ಒಂದು ತಂಡ ಹೋಗಿ ಇನ್ನೊಂದು ಬಂದು, ಅದು ಹೋಗಿ ಮತ್ತೊಂದು ಬಂದು, ಒಂದೇ ಒಂದು ಪಿಳ್ಳೆಯೂ ಬಾಯಿ ಬಿಟ್ಟಿಲ್ಲ. ಈ ಒಂದನ್ನು ಬಿಟ್ಟರೆ ನನ್ನ ಹೊಟ್ಟೆಯಲ್ಲಿ ಯಾವ ಗುಟ್ಟೂ ಸಂಜೆಯವರೆಗೆ ನಿಂತದ್ದಿಲ್ಲ.

ಮೇಡಂ ಎದ್ದು ಮುಂದೆ ಬಂದರು. ಪೊಲೀಸಮ್ಮನ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತು, ಮೆಲ್ಲಗೆ ಕೇಳಿದರು: “ಕೆಲಸ ಅಲ್ಲ ಅಂತ ಗೊತ್ತಿದ್ದೂ, ಅವತ್ತು ಲಾಂಚ್ ವಾಲಿದಾಗ ಯಾಕಮ್ಮಾ ಇವನ ಕೈ ಹಿಡ್ಕೊಂಡಿದ್ದೆ?”

ಪೊಲೀಸಮ್ಮನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಮೇಡಂ ಮುಖವನ್ನೂ ತಮ್ಮನ ಮುಖವನ್ನೂ ನೋಡಿದಳು.

“ಇವನು ಚಿಕ್ಕೋನಲ್ವಾ ಮೇಡಂ,” ಎಂದಳು.

  ಮೇಡಂ ಎದ್ದು, ಸೆರಗಿನಿಂದ ಮೂಗು ಒರೆಸಿಕೊಂಡು, ಲಾಂಚಕ್ಕನಿಗೆ “ಹಲಗೆ ಹಾಕಿ ಅಕ್ಕಾ, ಶಾಲೆಗೆ ತಡ ಆಗುತ್ತೆ. ನಿಯಮ ಗಿಯಮ ಏನೂ ಬೇಡ, ಇದು ಹೀಗೇ ನಡೀಲಿ” ಎಂದರು.

ಲಾಂಚಕ್ಕನಿಗೆ ಕೈ ಓಡಲಿಲ್ಲ. ಹಲಗೆಯನ್ನು ನಾನೇ ಹಾಕಿದೆ. ಸದ್ದಾಯಿತು. ಮಕ್ಕಳು ಎದ್ದರು. ಮಣಿಕಟ್ಟು ಹಿಡಿದುಕೊಂಡು, ಜೋಡಿ ಜೋಡಿಯಾಗಿ, ಎಂದಿನ ಹಾಗೆ ಕಿಚಪಿಚ ಮಾಡುತ್ತಾ ಇಳಿದರು. ಲಾಂಚಕ್ಕನ ಪಕ್ಕ ಹಾದುಹೋಗುವಾಗ ಎತ್ತರದ ಹುಡುಗ ಅವಳ ತೋಳು ತಟ್ಟಿ, “ಪರವಾಗಿಲ್ಲ ಬಿಡಿ ಅಕ್ಕಾ” ಎಂದು ಸಮಾಧಾನ ಹೇಳಿಹೋದ.

ಅವಳು ಕಂಬಿ ಹಿಡಿದುಕೊಂಡು, ಮಕ್ಕಳು ದಿಬ್ಬ ಹತ್ತಿ ಮರೆಯಾಗುವವರೆಗೂ ನೋಡುತ್ತಾ ನಿಂತಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳುವ ಗೊಡವೆಗೂ ಹೋಗಲಿಲ್ಲ.

“ಇಷ್ಟು ವರ್ಷ,” ಎಂದಳು ನನ್ನ ಕಡೆ ತಿರುಗದೆ, “ನಾನು ಅವರನ್ನ ನೋಡ್ಕೊಳ್ತಿದೀನಿ ಅಂದ್ಕೊಂಡಿದ್ದೆ ಕಣೋ.”